ನಗರ ಸೌಂದರ್ಯೀಕರಣ ಮತ್ತು ಬೀದಿ ಸುಧಾರಣೆ

ನಗರ ಸೌಂದರ್ಯೀಕರಣ ಎಂದರೆ ಊರಿನ ಸಾರ್ವಜನಿಕ ಸ್ಥಳಗಳನ್ನು ಕಣ್ಣಿಗೆ ಅಂದವಾಗಿ ಕಾಣುವಂತೆ ಮಾಡುವ ಕೆಲಸ. ವೃತ್ತದ ನಡುವೆ ಕಾರಂಜಿ, ರಸ್ತೆ ವಿಭಜಕದ ಮೇಲೆ ಹೂಗಿಡ, ಮೇಲ್ಸೇತುವೆಯ ಕಂಬಗಳಿಗೆ ಚಿತ್ರ, ಅಲಂಕಾರದ ದೀಪಗಳು, ಪ್ರತಿಮೆ, ಸ್ವಾಗತ ಕಮಾನು ಇದರ ಪರಿಚಿತ ರೂಪಗಳು. ಬೀದಿ ಸುಧಾರಣೆ ಇದಕ್ಕಿಂತ ಆಳದ ಕೆಲಸ. ನಡೆಯುವ ದಾರಿ, ರಸ್ತೆ ದಾಟುವ ಜಾಗ, ಮಳೆನೀರಿನ ಚರಂಡಿ, ಒಳಚರಂಡಿ, ಕುಡಿಯುವ ನೀರಿನ ಕೊಳವೆ, ಮರದ ನೆರಳು, ಬಸ್ ತಂಗುದಾಣ, ಬೀದಿ ವ್ಯಾಪಾರ, ವಾಹನಗಳ ವೇಗ ಎಲ್ಲವನ್ನೂ ಒಟ್ಟಿಗೆ ಸರಿಪಡಿಸಿ, ಬೀದಿಯನ್ನು ಬಳಸುವವರ ದಿನನಿತ್ಯದ ಬದುಕನ್ನು ಹಗುರಗೊಳಿಸುವುದು ಅದರ ಗುರಿ.

ಇವೆರಡೂ ಒಂದಕ್ಕೊಂದು ಶತ್ರುಗಳಾಗಬೇಕಿಲ್ಲ. ಚೆನ್ನಾಗಿ ಕಟ್ಟಿದ ಬೀದಿ ತಾನಾಗಿಯೇ ಚೆಲುವಾಗಿ ಕಾಣುತ್ತದೆ. ಆದರೆ ಹಣ, ಸಮಯ ಮತ್ತು ಆಡಳಿತದ ಗಮನ ಮಿತವಾಗಿರುವ ಊರುಗಳಲ್ಲಿ ಯಾವುದು ಮೊದಲು ಎಂಬ ಪ್ರಶ್ನೆ ಏಳುತ್ತದೆ. ಕಳೆದ ನೂರೈವತ್ತಕ್ಕೂ ಹೆಚ್ಚು ವರ್ಷಗಳ ನಗರ ಯೋಜನೆಯ ಇತಿಹಾಸದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗಿದೆ.

ಮೇಲ್ಮೈ ಮತ್ತು ಆಳ

ವ್ಯತ್ಯಾಸವನ್ನು ತಿಳಿಯಲು ಒಂದು ಸಾಮಾನ್ಯ ಪಾದಚಾರಿ ಮಾರ್ಗವನ್ನು ಹತ್ತಿರದಿಂದ ನೋಡಿದರೆ ಸಾಕು. ಕರ್ನಾಟಕದ ಊರುಗಳಲ್ಲಿ ಹಳೆಯ ಮಾದರಿಯ ಫುಟ್‌ಪಾತ್ ಎಂದರೆ ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿಗಳ ಸಾಲು. ಹೂಳು ತೆಗೆಯಬೇಕಾದರೆ ಚಪ್ಪಡಿ ಎತ್ತಬೇಕು. ಎತ್ತಿದ ಚಪ್ಪಡಿ ಮತ್ತೆ ಸರಿಯಾಗಿ ಕೂರುವುದು ಅಪರೂಪ. ಒಂದು ಅಲುಗಾಡುತ್ತದೆ, ಇನ್ನೊಂದರ ಮೂಲೆ ಮುರಿದಿರುತ್ತದೆ, ಮತ್ತೊಂದರ ಜಾಗದಲ್ಲಿ ಬಾಯ್ದೆರೆದ ಗುಂಡಿ. ಮುಂದೆ ಹೋದರೆ ಟ್ರಾನ್ಸ್‌ಫಾರ್ಮರ್ ಕಟ್ಟೆ, ಅದರಾಚೆ ಅಂಗಡಿಯ ಮೆಟ್ಟಿಲು, ಆಮೇಲೆ ಮನೆಯ ಗೇಟಿಗಾಗಿ ಕಡಿದ ಇಳಿಜಾರು. ನೂರು ಮೀಟರ್ ನಡೆಯುವಷ್ಟರಲ್ಲಿ ಹಲವು ಸಲ ಹತ್ತಿ ಇಳಿಯಬೇಕು. ಮಂಡಿನೋವಿನ ಅಜ್ಜಿ ಎರಡನೆಯ ಇಳಿತಕ್ಕೇ ಸೋತು, ಫುಟ್‌ಪಾತ್ ಬಿಟ್ಟು ವಾಹನಗಳ ನಡುವೆ ನಡೆಯತೊಡಗುತ್ತಾರೆ.

ಇದೇ ಚರಂಡಿಯ ಮೇಲೆ ಬಣ್ಣದ ಇಂಟರ್‌ಲಾಕ್ ಟೈಲ್ಸ್ ಹಾಕಿ, ಅಂಚುಗಲ್ಲಿಗೆ ಕಪ್ಪು ಹಳದಿ ಪಟ್ಟೆ ಬಳಿದರೆ ಅದು ಸೌಂದರ್ಯೀಕರಣ. ಆರು ತಿಂಗಳಲ್ಲಿ ಯಾವುದೋ ಕೇಬಲ್ಲಿಗಾಗಿ ಅದನ್ನು ಅಗೆಯುತ್ತಾರೆ. ಅಗೆದ ಜಾಗಕ್ಕೆ ಮಣ್ಣು ತುಂಬಿ ಹೋಗುತ್ತಾರೆ, ಮೊದಲ ಮಳೆಗೆ ಅದು ಕುಸಿಯುತ್ತದೆ. ಬೀದಿ ಸುಧಾರಣೆ ಆರಂಭವಾಗುವುದು ಈ ಹಾಸಿನ ಕೆಳಗಿನಿಂದ. ಎಲ್ಲ ಕೊಳವೆ ಮತ್ತು ತಂತಿಗಳಿಗೆ ನಿಗದಿತ ಜಾಗ, ಅಲ್ಲಲ್ಲಿ ತೆರೆದು ನೋಡಲು ಛೇಂಬರ್, ನೀರು ಹರಿಯುವಷ್ಟು ವಾಟ, ಗೇಟು ಬಂದಲ್ಲಿಯೂ ಮಟ್ಟ ಕೆಡದ ನಡೆಹಾದಿ. ಭಾರತೀಯ ರಸ್ತೆ ಕಾಂಗ್ರೆಸ್ಸು ಪಾದಚಾರಿ ಸೌಲಭ್ಯಗಳಿಗೆ 2012ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಇರಬೇಕು, ಅಂಚುಗಲ್ಲಿನ ಎತ್ತರ 150 ಮಿ.ಮೀ. ಮೀರಬಾರದು ಎಂದಿದೆ. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟಲು ಬೇಕಾಗುವ ಅಗಲವದು. ಬಣ್ಣ ಯಾವುದಿದ್ದರೂ ಈ ಅಳತೆ ತಪ್ಪಿದ ಫುಟ್‌ಪಾತ್ ತನ್ನ ಕೆಲಸ ಮಾಡಲಾರದು.

ಯುರೋಪಿನ ಹತ್ತೊಂಬತ್ತನೆಯ ಶತಮಾನ

ಆಧುನಿಕ ನಗರ ಸೌಂದರ್ಯದ ಮಾತು ಬಂದಾಗಲೆಲ್ಲ ಪ್ಯಾರಿಸಿನ ಹೆಸರು ಬರುತ್ತದೆ. 1853ರಿಂದ 1870ರವರೆಗೆ ಆಡಳಿತಾಧಿಕಾರಿಯಾಗಿದ್ದ ಹೌಸ್‌ಮನ್ ಹಳೆಯ ಓಣಿಗಳನ್ನು ಸೀಳಿ ಅಗಲವಾದ ಸಾಲುಮರದ ಹೆದ್ದಾರಿಗಳನ್ನು ನಿರ್ಮಿಸಿದ. ನೋಡಿದವರು ಮೆಚ್ಚಿದ್ದು ಮೇಲಿನ ನೋಟವನ್ನು. ಆದರೆ ಆ ಹೆದ್ದಾರಿಗಳ ಅಡಿಯಲ್ಲಿ ಎಂಜಿನಿಯರ್ ಬೆಲ್‌ಗ್ರಾಂಡ್ ಕಟ್ಟಿದ ಒಳಚರಂಡಿ ಮತ್ತು ನೀರಿನ ಜಾಲವೇ ಆ ಊರಿನ ಆರೋಗ್ಯವನ್ನು ಬದಲಿಸಿದ್ದು. ಅದೇ ಯೋಜನೆಯಲ್ಲಿ ಸಾವಿರಾರು ಬಡ ಕುಟುಂಬಗಳು ಮನೆ ಕಳೆದುಕೊಂಡು ಊರಂಚಿಗೆ ಸರಿದವು. ಒಳ್ಳೆಯದು ಕೆಟ್ಟದ್ದು ಎರಡರಲ್ಲೂ ಪ್ಯಾರಿಸ್ ಮುಂದಿನ ನಗರಗಳಿಗೆ ಮಾದರಿಯಾಯಿತು.

ಆಳ ಮತ್ತು ಅಂದ ಒಂದೇ ಕಾಮಗಾರಿಯಲ್ಲಿ ಕೂಡಿಬಂದ ಅತ್ಯುತ್ತಮ ನಿದರ್ಶನ ಲಂಡನ್ನಿನ ವಿಕ್ಟೋರಿಯಾ ನದಿದಂಡೆ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ತಾಳಲಾಗದೆ ಹೋದಾಗ ಎಂಜಿನಿಯರ್ ಜೋಸೆಫ್ ಬಜಲ್ಗೆಟ್ ರೂಪಿಸಿದ ದೊಡ್ಡ ಒಳಚರಂಡಿಗಳ ಕೆಲಸ ಕೈಗೂಡಿತು. ಅದರ ಭಾಗವಾದ ಈ ನದಿದಂಡೆ 1870ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಮೇಲೆ ಮರಗಳ ಸಾಲು, ಉದ್ಯಾನ, ನಡೆಹಾದಿ. ಕೆಳಗೆ ಕೊಳಚೆಯನ್ನು ನದಿಗೆ ಸೇರದಂತೆ ತಡೆದು ಒಯ್ಯುವ ಮಹಾಚರಂಡಿ, ಅದರ ಪಕ್ಕದಲ್ಲೇ ನೆಲದಡಿಯ ರೈಲು. ಸಂಜೆ ಅಲ್ಲಿ ತಿರುಗಾಡುವವರು ನೋಡುವ ಚೆಲುವು ನಿಂತಿರುವುದು ಕಾಣದ ಆ ಚರಂಡಿಯ ಮೇಲೆ.

ಸುಂದರ ನಗರ ಚಳವಳಿ

ಸೌಂದರ್ಯೀಕರಣವೇ ಒಂದು ಸಿದ್ಧಾಂತವಾಗಿ ಬೆಳೆದದ್ದು ಅಮೆರಿಕದಲ್ಲಿ. 1893ರ ಚಿಕಾಗೊ ವಿಶ್ವಮೇಳಕ್ಕಾಗಿ ವಾಸ್ತುಶಿಲ್ಪಿ ಡೇನಿಯಲ್ ಬರ್ನ್‌ಹ್ಯಾಂ ಮತ್ತು ಸಂಗಡಿಗರು ಬಿಳಿಯ ಭವನಗಳ ಒಂದು ನಗರವನ್ನೇ ಎಬ್ಬಿಸಿದರು. ಭವ್ಯವಾದ ಆ ಭವನಗಳ ಹೊರಮೈ ಪ್ಲಾಸ್ಟರ್ ಗಾರೆಗೆ ಸೆಣಬಿನಂಥ ನಾರು ಕಲಸಿ ಮಾಡಿದ್ದು. ಮೇಳ ಮುಗಿದ ಮೇಲೆ 1894ರ ಬೆಂಕಿಯಲ್ಲಿ ಬಹುಪಾಲು ಸುಟ್ಟುಹೋದವು. ಆದರೂ ಅದನ್ನು ಕಂಡ ಲಕ್ಷಾಂತರ ಜನರ ಮನಸ್ಸಿನಲ್ಲಿ ನಗರ ಹೀಗಿರಬೇಕು ಎಂಬ ಆಸೆ ಉಳಿಯಿತು. ಅಲ್ಲಿಂದ ಹುಟ್ಟಿದ ಸುಂದರ ನಗರ ಚಳವಳಿ ವಾಷಿಂಗ್ಟನ್, ಸ್ಯಾನ್ ಫ್ರಾನ್ಸಿಸ್ಕೊ, ಫಿಲಿಪೀನ್ಸಿನ ಮನಿಲಾ ಮೊದಲಾದ ಊರುಗಳ ಯೋಜನೆಗಳ ಮೇಲೆ ಪ್ರಭಾವ ಬೀರಿತು. 1909ರ ಚಿಕಾಗೊ ಯೋಜನೆ ಅದರ ಶಿಖರ.

ಈ ಚಳವಳಿಯ ಕೊಡುಗೆಯನ್ನು ಮರೆಯುವಂತಿಲ್ಲ. ಚಿಕಾಗೊದ ಸರೋವರದ ದಂಡೆ ಜನರಿಗಾಗಿ ಉಳಿದದ್ದರಲ್ಲಿ ಅದರ ಪಾಲಿದೆ. ಆದರೆ ಭವ್ಯ ಮಾರ್ಗಗಳ ಹಿಂದಿನ ಬಾಡಿಗೆ ಮನೆಗಳ ಇಕ್ಕಟ್ಟು, ಶೌಚ, ಬಾಡಿಗೆಯ ಭಾರ ಅದರ ಗಮನದ ಕೇಂದ್ರಕ್ಕೆ ಬರಲಿಲ್ಲ. ಬರಹಗಾರ್ತಿ ಜೇನ್ ಜೇಕಬ್ಸ್ 1961ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಇದೇ ಕೊರತೆಯನ್ನು ಎತ್ತಿ ತೋರಿಸಿದರು. ಸ್ಮಾರಕಗಳನ್ನೆಲ್ಲ ಒಂದೆಡೆ ಗುಡ್ಡೆ ಹಾಕಿದ ನಾಗರಿಕ ಕೇಂದ್ರಗಳು ಸಾಮಾನ್ಯ ಬದುಕಿನಿಂದ ದೂರವಾಗಿ ಬಣಗುಟ್ಟುತ್ತವೆ ಎಂಬುದು ಅವರ ವಾದ. ಅಂಗಡಿ, ಮನೆ, ಜಗಲಿಯ ಮೇಲೆ ಕುಳಿತವರು, ಓಡಾಡುವ ಮಕ್ಕಳು ಇರುವ ಬೀದಿಯನ್ನು ನೂರು ಕಣ್ಣುಗಳು ಕಾಯುತ್ತವೆ ಎಂಬ ಅವರ ಕಾಣ್ಕೆ ಇಂದಿನ ಬೀದಿ ವಿನ್ಯಾಸಕ್ಕೆ ಅಡಿಗಲ್ಲು.

ಗೆಡಿಸ್ ಮತ್ತು ಭಾರತದ ಊರುಗಳು

ಜೇಕಬ್ಸ್‌ಗಿಂತ ಅರ್ಧ ಶತಮಾನ ಮೊದಲೇ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡಿಸ್ ಭಾರತದಲ್ಲಿ ಇದೇ ಬಗೆಯ ಮಾತು ಆಡಿದ್ದರು. ಜೀವವಿಜ್ಞಾನಿಯಾದ ಅವರು 1914ರಲ್ಲಿ ಇಲ್ಲಿಗೆ ಬಂದು ಹಲವಾರು ಊರುಗಳಿಗೆ ಯೋಜನಾ ವರದಿ ಬರೆದರು. ಹಳೆಯ ಪೇಟೆಯನ್ನು ನೇರ ಗೆರೆ ಎಳೆದು ಕೆಡವುವ ಎಂಜಿನಿಯರುಗಳ ಕ್ರಮವನ್ನು ಅವರು ಒಪ್ಪಲಿಲ್ಲ. ಮೊದಲು ಓಣಿ ಓಣಿ ನಡೆದು ನೋಡಬೇಕು, ಬಿದ್ದುಹೋದ ಮನೆಯ ಜಾಗವನ್ನು ಚಿಕ್ಕ ಬಯಲಾಗಿ ಬಿಡಬೇಕು, ಬಾವಿ ಕೆರೆಗಳನ್ನು ಮುಚ್ಚದೆ ಶುದ್ಧಗೊಳಿಸಬೇಕು, ಆದಷ್ಟು ಕಡಿಮೆ ಮನೆಗಳನ್ನು ತೆಗೆಯಬೇಕು ಎಂಬುದು ಅವರ ವಿಧಾನ. ವೈದ್ಯ ರೋಗಿಯ ಮೈಯಲ್ಲಿ ಕೆಟ್ಟ ಭಾಗವನ್ನಷ್ಟೇ ಕತ್ತರಿಸುವಂತಿದ್ದ ಈ ವಿಧಾನವನ್ನು ಅವರು ಸಂರಕ್ಷಕ ಶಸ್ತ್ರಚಿಕಿತ್ಸೆ ಎಂದು ಕರೆದರು.

ಇಂದೂರಿನಲ್ಲಿ ಪ್ಲೇಗಿನ ಭಯ ಹರಡಿದ್ದಾಗ ಗೆಡಿಸ್ ದೀಪಾವಳಿಗೆ ಒಂದು ದೊಡ್ಡ ಮೆರವಣಿಗೆ ಏರ್ಪಡಿಸಿದರು. ಚೆನ್ನಾಗಿ ಶುಚಿ ಮಾಡಿಕೊಂಡ ಬೀದಿಗಳಲ್ಲಿ ಮೆರವಣಿಗೆ ಹಾಯುವುದೆಂದು ಸಾರಲಾಯಿತು. ಪೌರಕಾರ್ಮಿಕರಿಗೆ ಅದರಲ್ಲಿ ಗೌರವದ ಸ್ಥಾನ ಸಿಕ್ಕಿತು. ಜನ ಪೈಪೋಟಿಯಲ್ಲಿ ಕಸ ತೆಗೆದು, ಮನೆಗಳಿಗೆ ಸುಣ್ಣ ಬಳಿದರು. ಹಬ್ಬದ ಸಡಗರವನ್ನೂ ಚರಂಡಿಯ ಕೆಲಸವನ್ನೂ ಹೀಗೆ ಜೋಡಿಸಿದ ಅವರ ಇಂದೂರು ವರದಿ 1918ರಲ್ಲಿ ಪ್ರಕಟವಾಯಿತು.

ಮೈಸೂರು ಸಂಸ್ಥಾನದ ಪರಂಪರೆ

ಕರ್ನಾಟಕಕ್ಕೆ ಈ ವಿಷಯದಲ್ಲಿ ತನ್ನದೇ ಪರಂಪರೆ ಇದೆ. ಬೆಂಗಳೂರಿನ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು 1890ರ ದಶಕದಲ್ಲಿ ರೂಪುಗೊಂಡು, 1898ರ ಪ್ಲೇಗಿನ ನಂತರ ಜನರನ್ನು ಸೆಳೆದವು. ಗಾಳಿ ಬೆಳಕು ಬರುವ ನಿವೇಶನ, ನೇರ ಬೀದಿ, ಮನೆಗಳ ಬೆನ್ನಿಗೆ ಶೌಚದ ಕೆಲಸಕ್ಕಾಗಿ ಬಿಟ್ಟ ಕನ್ಸರ್ವೆನ್ಸಿ ಓಣಿ ಇವುಗಳ ಲಕ್ಷಣ. ಇಂದು ನಾವು ಮೆಚ್ಚುವ ಆ ಬಡಾವಣೆಗಳ ಚೆಲುವು ಹುಟ್ಟಿದ್ದು ರೋಗ ತಡೆಯುವ ಕಾಳಜಿಯಿಂದ. ಮಲ ಹೊರುವ ಅಮಾನವೀಯ ಪದ್ಧತಿಯನ್ನು ಆಧರಿಸಿದ ವ್ಯವಸ್ಥೆ ಅದಾಗಿತ್ತು ಎಂಬುದನ್ನೂ ಇಲ್ಲಿ ಹೇಳಲೇಬೇಕು. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಗಿ ಹೊಸ ಬಡಾವಣೆ, ಚರಂಡಿ, ರಸ್ತೆಗಳ ಕೆಲಸ ಕೈಗೊಂಡಿತು.

ಜರ್ಮನಿಯ ಉದ್ಯಾನತಜ್ಞ ಕ್ರುಂಬಿಗಲ್ 1908ರಲ್ಲಿ ಲಾಲ್‌ಬಾಗಿಗೆ ಬಂದ ಮೇಲೆ ಬೆಂಗಳೂರಿನ ಬೀದಿಗಳಿಗೆ ಬಣ್ಣ ಬಂತು. ಒಂದು ಜಾತಿಯ ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ಸಾಲುಮರಗಳನ್ನು ಆರಿಸಿದ ಕೀರ್ತಿ ಅವರದು. ನೆರಳು ಕೊಡುವ ಮರ ಕಣ್ಣಿಗೂ ಹಬ್ಬ, ನಡೆಯುವವನ ನೆತ್ತಿಗೂ ತಂಪು. 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಊರಿನ ಅಂದಕ್ಕೆ ಹೆಸರಾದವರು. ಕನ್ನಂಬಾಡಿಯ ಬೃಂದಾವನ ಉದ್ಯಾನ ಅವರ ಕಾಲದ್ದು. ಮುಂದೆ ಜಯಪುರದಲ್ಲಿ ಅವರು ಮಾಡಿದ ಕೆಲಸಕ್ಕೆ ಸಾಕ್ಷಿಯಾಗಿ ಅಲ್ಲಿನ ಮುಖ್ಯ ರಸ್ತೆಗೆ ಇಂದಿಗೂ ಅವರ ಹೆಸರಿದೆ.

ವಾಹನದಿಂದ ಮನುಷ್ಯನ ಕಡೆಗೆ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೀದಿಗಳು ಕಾರುಗಳ ಪಾಲಾದಾಗ ಕೆಲವು ಊರುಗಳು ತಿರುಗಿ ನಿಂತವು. ಕೋಪನ್‌ಹೇಗನ್ನಿನ ಸ್ಟ್ರೊಯೆಟ್ ಬೀದಿಯಲ್ಲಿ 1962ರ ನವೆಂಬರಿನಲ್ಲಿ ವಾಹನ ಸಂಚಾರ ನಿಲ್ಲಿಸಲಾಯಿತು. ವ್ಯಾಪಾರ ಕೆಡುತ್ತದೆ ಎಂದು ಅಂಗಡಿಯವರು ಹೆದರಿದ್ದರು, ಆದರೆ ಜನ ತುಂಬಿ ಬಂದರು. ವಾಸ್ತುಶಿಲ್ಪಿ ಯಾನ್ ಗೆಲ್ ಅಲ್ಲಿ ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ ಎಂದು ವರ್ಷಗಟ್ಟಲೆ ಎಣಿಸಿ, ಬೀದಿಯ ಗುಣವನ್ನು ಅಳೆಯುವ ಪದ್ಧತಿಯನ್ನೇ ಕಟ್ಟಿದರು.

ನೆದರ್ಲೆಂಡ್ಸಿನಲ್ಲಿ 1971ರಲ್ಲಿ ರಸ್ತೆ ಅಪಘಾತಗಳಿಂದ ಸುಮಾರು 3,300 ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಕ್ಕಳ ಕೊಲೆ ನಿಲ್ಲಿಸಿ ಎಂದು ತಾಯ್ತಂದೆಯರು ಬೀದಿಗಿಳಿದರು. ಆ ದೇಶದ ಇಂದಿನ ಸೈಕಲ್ ದಾರಿಗಳು ಮತ್ತು ವಾಹನಗಳು ನಡಿಗೆಯ ವೇಗದಲ್ಲಿ ಸಾಗಬೇಕಾದ ವಸತಿ ಬೀದಿಗಳು ಆ ಹೋರಾಟದ ಫಲ. ಬ್ರೆಜಿಲ್‌ನ ಕುರಿತೀಬಾದಲ್ಲಿ ಮೇಯರ್ ಜೈಮೆ ಲೆರ್ನರ್ 1972ರಲ್ಲಿ ಮುಖ್ಯ ಪೇಟೆಬೀದಿಯ ವಾಹನ ಸಂಚಾರವನ್ನು ಒಂದು ವಾರಾಂತ್ಯದ ಕೆಲಸದಲ್ಲಿ ನಿಲ್ಲಿಸಿ ನಡೆಯುವವರಿಗೆ ಬಿಟ್ಟುಕೊಟ್ಟರು. ಕೊಲಂಬಿಯಾದ ಬೊಗೊಟಾದಲ್ಲಿ 1998ರಿಂದ 2000ದವರೆಗೆ ಮೇಯರ್ ಆಗಿದ್ದ ಎನ್ರಿಕೆ ಪೆನಲೋಸಾ ಫುಟ್‌ಪಾತ್ ಮೇಲಿನ ಕಾರುಗಳನ್ನು ತೆರವು ಮಾಡಿಸಿ, ಪ್ರತ್ಯೇಕ ಪಥದ ಬಸ್ ಸಾರಿಗೆ ಆರಂಭಿಸಿದರು. ಈ ಊರುಗಳು ಇಂದು ಪ್ರವಾಸಿಗರಿಗೂ ಚೆಲುವಾಗಿ ಕಾಣುತ್ತವೆ. ಅವು ಹೊರಟದ್ದು ಸುರಕ್ಷತೆ ಮತ್ತು ಸಮಾನತೆಯ ದಾರಿಯಲ್ಲಿ.

ಅಂದದ ಹೆಸರಿನಲ್ಲಿ ಎತ್ತಂಗಡಿ

ಸೌಂದರ್ಯೀಕರಣದ ಅತ್ಯಂತ ನೋವಿನ ಅಧ್ಯಾಯ ಬಡವರ ಎತ್ತಂಗಡಿ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಏಪ್ರಿಲ್‌ನಲ್ಲಿ, ದಿಲ್ಲಿಯ ತುರ್ಕ್‌ಮನ್ ಗೇಟ್ ಬಳಿ ಮನೆಗಳನ್ನು ಕೆಡವುವುದನ್ನು ವಿರೋಧಿಸಿದವರ ಮೇಲೆ ಗುಂಡು ಹಾರಿತು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ವೇಳೆ ಅದೇ ನಗರದ ಕೊಳೆಗೇರಿಗಳನ್ನು ಅತಿಥಿಗಳಿಗೆ ಕಾಣದಂತೆ ಪರದೆಗಳಿಂದ ಮರೆಮಾಡಲಾಯಿತು. ನೋಡಬಾರದೆಂದು ಮುಚ್ಚಿದ ಜಾಗದಲ್ಲಿ ನೀರಿಲ್ಲ, ಶೌಚಾಲಯವಿಲ್ಲ ಎಂಬ ಸಂಗತಿ ಪರದೆಯಿಂದ ಬದಲಾಗುವುದಿಲ್ಲ.

ಬೀದಿ ವ್ಯಾಪಾರಿಗಳದೂ ಇದೇ ಕತೆ. ಸೊಪ್ಪಿನ ಬುಟ್ಟಿ, ಹೂವಿನ ಮೊಳ, ಇಡ್ಲಿಯ ತಳ್ಳುಗಾಡಿ ಕಡಿಮೆ ಆದಾಯದವರಿಗೆ ಕೈಗೆಟುಕುವ ಸಂತೆ. ಅವರು ಇರುವುದರಿಂದಲೇ ರಾತ್ರಿ ಒಂಬತ್ತಕ್ಕೆ ಬಸ್ಸಿಳಿದು ಬರುವ ಹೆಣ್ಣುಮಗಳಿಗೆ ಧೈರ್ಯ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಅವರ ಜೀವನೋಪಾಯಕ್ಕೆ ರಕ್ಷಣೆ ನೀಡಿದೆ. ಪ್ರತಿ ಊರಿನ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ಹೊಸ ಬೀದಿಯ ನಕ್ಷೆಯಲ್ಲಿ ಗಾಡಿಗಳಿಗೆ ಜಾಗ ಗುರುತಿಸದಿದ್ದರೆ ಅವು ನಡೆಯುವ ದಾರಿಗೇ ಬಂದು ನಿಲ್ಲುತ್ತವೆ, ಆಮೇಲೆ ತಪ್ಪು ವ್ಯಾಪಾರಿಯ ತಲೆಗೆ ಬರುತ್ತದೆ.

ಬೆಂಗಳೂರಿನ ಪ್ರಯೋಗಗಳು

ಭಾರತದಲ್ಲಿ ಬೀದಿಯನ್ನು ತಳದಿಂದ ಕಟ್ಟುವ ಕೆಲಸಕ್ಕೆ ಬೆಂಗಳೂರಿನ ಟೆಂಡರ್ ಶ್ಯೂರ್ ರಸ್ತೆಗಳು ಮುಖ್ಯ ಉದಾಹರಣೆ. ಜನ ಅರ್ಬನ್ ಸ್ಪೇಸ್ ಸಂಸ್ಥೆ ರೂಪಿಸಿದ ಮಾನದಂಡಗಳಂತೆ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ವಿಠ್ಠಲ ಮಲ್ಯ ರಸ್ತೆ, ಮ್ಯೂಸಿಯಂ ರಸ್ತೆ ಮೊದಲಾದವು 2015ರ ಹೊತ್ತಿಗೆ ಹೊಸ ರೂಪ ಪಡೆದವು. ವಿದ್ಯುತ್, ದೂರವಾಣಿ, ನೀರು, ಮಳೆನೀರು ಪ್ರತಿಯೊಂದಕ್ಕೂ ನೆಲದಡಿ ಪ್ರತ್ಯೇಕ ಹಾದಿ. ದುರಸ್ತಿ ಬಂದರೆ ರಸ್ತೆ ಅಗೆಯದೆ ಛೇಂಬರಿನಿಂದಲೇ ಕೆಲಸ. ವಾಹನಗಳ ಪಥದ ಅಗಲ ಉದ್ದಕ್ಕೂ ಒಂದೇ ಸಮ, ಉಳಿದ ಜಾಗವೆಲ್ಲ ಅಗಲವಾದ ಫುಟ್‌ಪಾತಿಗೆ. ರಸ್ತೆ ಕಿರಿದಾಯಿತು, ಖರ್ಚು ಹೆಚ್ಚಾಯಿತು, ಕಾಮಗಾರಿ ತಡವಾಯಿತು ಎಂಬ ಟೀಕೆಗಳು ಬಂದವು. ಸಿರಿವಂತ ಪ್ರದೇಶಗಳಿಗೇ ಮೊದಲ ಪ್ರಾಶಸ್ತ್ಯ ಸಿಕ್ಕಿತೆಂಬ ಆಕ್ಷೇಪಕ್ಕೆ ತೂಕವಿದೆ. ಆದರೂ ಮಳೆಗಾಲದಲ್ಲಿಯೂ ಚಪ್ಪಲಿ ಒದ್ದೆಯಾಗದೆ ನಡೆಯಬಹುದು ಎಂಬುದನ್ನು ಈ ರಸ್ತೆಗಳು ಕನ್ನಡಿಗರಿಗೆ ತೋರಿಸಿಕೊಟ್ಟವು.

ಸುಮಾರು 750 ಮೀಟರ್ ಉದ್ದದ ಚರ್ಚ್ ಸ್ಟ್ರೀಟ್ 2018ರಲ್ಲಿ ಕಲ್ಲುಹಾಸಿನೊಂದಿಗೆ ಮರುರೂಪ ಪಡೆಯಿತು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಅಲ್ಲಿ ವಾಹನಗಳನ್ನು ನಿರ್ಬಂಧಿಸಿ, ನಗರ ಭೂಸಾರಿಗೆ ನಿರ್ದೇಶನಾಲಯ ಪ್ರಯೋಗ ನಡೆಸಿತು. ಅದೇ ಕಲ್ಲು, ಅದೇ ದೀಪ. ವಾಹನ ಸರಿದ ದಿನಗಳಲ್ಲಿ ಮಕ್ಕಳು ನಡುಬೀದಿಯಲ್ಲಿ ಓಡಾಡಿದರು. ನಿರ್ಬಂಧ ತೆರವಾದ ಮೇಲೆ ಬೀದಿ ಮತ್ತೆ ವಾಹನಗಳದಾಯಿತು. ಹಾಸುಗಲ್ಲಿಗಿಂತ ಸಂಚಾರದ ನಿಯಮವೇ ಬೀದಿಯ ಸ್ವಭಾವವನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ. ಚೆನ್ನೈನ ಪಾಂಡಿ ಬಜಾರ್ 2019ರಲ್ಲಿ ಅಗಲವಾದ ನಡೆಹಾದಿಯ ಪೇಟೆಯಾಗಿ ಬದಲಾಯಿತು, ಪುಣೆಯ ಜಂಗ್ಲಿ ಮಹಾರಾಜ ರಸ್ತೆಯೂ ಇದೇ ಹಾದಿ ಹಿಡಿಯಿತು.

ನೀರು ಮತ್ತು ಆರೋಗ್ಯ

ಕಣ್ಣಿಗೆ ಕಾಣದ ಕೆಲಸದ ಬೆಲೆಯನ್ನು ಸೂರತ್ ಕಲಿಸಿತು. 1994ರ ಪ್ಲೇಗಿನ ನಂತರ ಆಯುಕ್ತ ಎಸ್.ಆರ್. ರಾವ್ ಅಧಿಕಾರಿಗಳನ್ನು ದಿನವೂ ಬೀದಿಗೆ ಇಳಿಸಿ, ಕೊಳೆಗೇರಿಗಳಿಗೆ ಹಾಸು, ಶೌಚಾಲಯ, ಕಸ ವಿಲೇವಾರಿ ಒದಗಿಸಿದರು. ಕೊಳಕು ಎಂದು ಹೆಸರಾದ ಊರು ಕೆಲವೇ ವರ್ಷಗಳಲ್ಲಿ ಶುಚಿಗೆ ಹೆಸರಾಯಿತು. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಾರ್ಡುಗಳಲ್ಲಿ 2008ರಲ್ಲಿ ದಿನದ 24 ಗಂಟೆಯೂ ನೀರು ಬರತೊಡಗಿದಾಗ ಬೀದಿಯ ನೋಟ ಬದಲಾಗಲಿಲ್ಲ. ಆದರೆ ನಡುರಾತ್ರಿ ಎದ್ದು ಕೊಡ ಹಿಡಿದು ಕಾಯುತ್ತಿದ್ದ ಹೆಂಗಸರ ನಿದ್ದೆ ಉಳಿಯಿತು.

ದಕ್ಷಿಣ ಕೊರಿಯಾದ ಸೋಲ್ ನಗರ 2003ರಿಂದ 2005ರ ನಡುವೆ ಮೇಲ್ಸೇತುವೆಯೊಂದನ್ನು ಕೆಡವಿ ಅದರಡಿ ಹೂತಿದ್ದ ಚೊಂಗ್ಯೆಚನ್ ತೊರೆಯನ್ನು 5.8 ಕಿ.ಮೀ. ಉದ್ದಕ್ಕೆ ತೆರೆಯಿತು. ನಡುನಗರಕ್ಕೆ ತಂಪು ಬಂತು, ಜನ ಬಂದರು. ಆದರೆ ಅಲ್ಲಿ ಹರಿಯುವ ನೀರಿನ ಬಹುಪಾಲು ಪಂಪಿನಿಂದ ಬರುವಂಥದು, ಹಳೆಯ ಬೀದಿ ವ್ಯಾಪಾರಿಗಳು ಬೇರೆಡೆಗೆ ಹೋಗಬೇಕಾಯಿತು. ಬೆಂಗಳೂರಿನಲ್ಲಿ ಬೆಳ್ಳಂದೂರು ಕೆರೆಯ ಕಡೆಗೆ ಸಾಗುವ ಕೋರಮಂಗಲ ಕಣಿವೆಯ ರಾಜಕಾಲುವೆಯನ್ನು ಜಲಮಾರ್ಗವಾಗಿ ರೂಪಿಸುವ ಕೆಲಸವೂ ಇದೇ ಪರೀಕ್ಷೆಗೆ ಒಳಪಡುತ್ತದೆ. ಕೊಳಚೆಯನ್ನು ಬೇರೆಡೆಗೆ ತಿರುಗಿಸಿದ ಮೇಲೆ ದಂಡೆಯ ನಡೆಹಾದಿಗೆ ಅರ್ಥ. ಕೊಳಚೆ ಹರಿಯುತ್ತಲೇ ಇದ್ದರೆ ಮೂಗು ಮುಚ್ಚಿಕೊಂಡು ಕೂರಲು ಬೆಂಚು ಹಾಕಿದಂತೆ.

ಸುರಕ್ಷತೆ ಮತ್ತು ಹಕ್ಕು

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಜನ ಪಾದಚಾರಿಗಳು, ಅಂದರೆ ದಿನಕ್ಕೆ ಸುಮಾರು 90 ಜನ. ಗಂಟೆಗೆ 30 ಕಿ.ಮೀ. ವೇಗದ ವಾಹನ ಬಡಿದರೆ ಬಹುಪಾಲು ಜನ ಬದುಕುತ್ತಾರೆ, ವೇಗ 50 ದಾಟಿದಂತೆ ಆ ಸಂಭವ ಕುಗ್ಗುತ್ತದೆ. ಆದ್ದರಿಂದ ಶಾಲೆಯ ಮುಂದೆ ಒಂದು ಎತ್ತರಿಸಿದ ದಾಟುದಾರಿ ಹತ್ತು ಕಾರಂಜಿಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು. ಸುಸ್ಥಿತಿಯ ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪ್ರಕಾರ ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ಎಟುಕುವಂತಿರಬೇಕು.

ಆಡಳಿತ ಮತ್ತು ನಿರ್ವಹಣೆ

ಮೇಲ್ಮೈ ಕೆಲಸಕ್ಕೆ ಆಡಳಿತ ಒಲಿಯಲು ಕಾರಣಗಳಿವೆ. ಅದು ಬೇಗ ಮುಗಿಯುತ್ತದೆ, ಒಂದೇ ಇಲಾಖೆಯಿಂದ ಆಗುತ್ತದೆ, ಉದ್ಘಾಟನೆಗೆ ಒದಗುತ್ತದೆ. ಚರಂಡಿಯ ವಾಟ ಸರಿಪಡಿಸಲು ಜಲಮಂಡಳಿ, ವಿದ್ಯುತ್ ಕಂಪನಿ, ಪಾಲಿಕೆ, ಸಂಚಾರ ಪೊಲೀಸರು ಒಂದೇ ನಕ್ಷೆಯ ಮುಂದೆ ಕೂರಬೇಕು. 2015ರಲ್ಲಿ ಆರಂಭವಾದ ಸ್ಮಾರ್ಟ್ ಸಿಟಿ ಯೋಜನೆಗೆ ಕರ್ನಾಟಕದಿಂದ ಬೆಂಗಳೂರು, ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಮಂಗಳೂರು, ಶಿವಮೊಗ್ಗ ಮತ್ತು ತುಮಕೂರು ಆಯ್ಕೆಯಾಗಿದ್ದವು. ಇಂಥ ಯೋಜನೆಗಳ ಹಣ ಆಯ್ದ ಭಾಗಗಳಿಗೆ ಬರುತ್ತದೆ, ಕೆಲಸ ಮುಗಿದ ಮೇಲೆ ನಿರ್ವಹಣೆಯ ಭಾರ ಸ್ಥಳೀಯ ಸಂಸ್ಥೆಯ ಮೇಲೆ ಬೀಳುತ್ತದೆ. ಹೂಳೆತ್ತಲು, ಸಸಿಗೆ ನೀರುಣಿಸಲು, ಒಡೆದ ಕಲ್ಲು ಬದಲಿಸಲು ವರ್ಷವರ್ಷವೂ ಹಣ ಇಡದಿದ್ದರೆ ಎಷ್ಟೇ ಒಳ್ಳೆಯ ಬೀದಿಯೂ ಹಳೆಯ ಸ್ಥಿತಿಗೆ ಮರಳುತ್ತದೆ.

ಮೌಲ್ಯಮಾಪನ

ಅಂದವನ್ನು ಬೇಡವೆನ್ನಲು ಕಾರಣವಿಲ್ಲ. ಬಡವರ ಬೀದಿಗೂ ಹೂಮರ ಬೇಕು, ಬಣ್ಣದ ಗೋಡೆ ಬೇಕು, ಹಬ್ಬದ ದೀಪ ಬೇಕು. ಕ್ರುಂಬಿಗಲ್ ನೆಡಿಸಿದ ಮರಗಳೂ ಗೆಡಿಸ್ ನಡೆಸಿದ ಮೆರವಣಿಗೆಯೂ ಲಂಡನ್ನಿನ ನದಿದಂಡೆಯೂ ಅಂದಕ್ಕೆ ಉಪಯೋಗದ ತಳಪಾಯ ಒದಗಿಸಿದ್ದರಿಂದ ಉಳಿದವು. ಕೆಲಸದ ಕ್ರಮ ಹೀಗಿರಬೇಕು: ಮೊದಲು ನೆಲದಡಿಯ ನೀರು ಮತ್ತು ಕೊಳಚೆ, ಆಮೇಲೆ ನಡೆಯುವ ಮತ್ತು ದಾಟುವ ದಾರಿ, ಜೊತೆಗೆ ನೆರಳು ಮತ್ತು ವ್ಯಾಪಾರದ ಜಾಗ, ಕೊನೆಗೆ ಅಲಂಕಾರ. ಎಂಟು ವರ್ಷದ ಮಗು ಒಂಟಿಯಾಗಿ ಶಾಲೆಗೆ ನಡೆದು ಹೋಗಬಲ್ಲ, ಎಂಬತ್ತರ ಅಜ್ಜಿ ಕೋಲೂರಿ ದೇವಸ್ಥಾನಕ್ಕೆ ಹೋಗಿಬರಬಲ್ಲ ಬೀದಿಯೇ ಸುಧಾರಿಸಿದ ಬೀದಿ. ತಮ್ಮ ಬೀದಿಯಲ್ಲಿ ಕಾಮಗಾರಿ ಆರಂಭವಾದಾಗ ನಾಗರಿಕರು ಟೈಲ್ಸಿನ ಬಣ್ಣ ಕೇಳುವ ಮೊದಲು, ಮಳೆನೀರು ಎಲ್ಲಿಗೆ ಹರಿದುಹೋಗುತ್ತದೆ ಎಂದು ಕೇಳಬೇಕು.